ಹಸುವಿನ ಶರೀರವೂ ಮನುಷ್ಯ ಶರೀರವೂ

ಹಸುವಿನ ಹಿಂಗಾಲಿನ ನಡುವೆ ಹಿಂದಕ್ಕೆ ಚಾಚಿಕೊಂಡಿರುವ ಗಂಟನ್ನು ತೋರಿಸಿ, "ಇದು ಅದರ ಮೊಣಕಾಲು, ನಮ್ಮ ಮೊಣಕಾಲು ಮುಂದಕ್ಕಿದೆ, ಹಸುವಿನದು ಹಿಂದಕ್ಕಿದೆ" ಎಂದು ಹೇಳುವ ವಿದ್ಯಾರ್ಥಿನಿಯರು ಅನೇಕರುಂಟು. ಇದು ತಪ್ಪು. ಆ ಗಂಟು ಮೊಣಕಾಲಲ್ಲ, ಹಿಮ್ಮಡಿ. ನಿಜವಾದ ಮೊಣಕಾಲು ಇನ್ನೂ ಮೇಲೆ ಹೊಟ್ಟೆಯ ಮಗ್ಗುಲಿಗೆ ಸೇರಿದಂತಿದ್ದು, ನಮ್ಮದರಂತೆಯೇ ಮುಂದಕ್ಕೆ ಬಾಗಿರುವುದು. ಮುಂಗಾಲಿನಲ್ಲಿ ನಾವು ಮೊಣಕಾಲೆಂದು ಕರೆಯುವ ಭಾಗವಾದರೋ ನಮ್ಮ ಕೈಯ ಮಣಿಕಟ್ಟಿಗೆ ಸಮಾನವಾದುದು. ನಾವು ಅಂಗಾಲನ್ನೂರಿ ನಡೆಯುತ್ತೇವೆ. ಹಸುವು ಒಂದೊಂದು ಕಾಲಿನಲ್ಲಿಯೂ ಎರಡೇ ಬೆರಳುಗಳ ತುದಿಯ ಮೇಲೆ ತನ್ನ ಭಾರವನ್ನೆಲ್ಲಾ ಹೊತ್ತು ನಡೆಯುವುದು. ಸೀಳುಗೊರಸೆಂಬುದು ಆ ಎರಡು ಬೆರಳುಗಳ ಉಗುರೇ. ಹಿಂಭಾಗದಲ್ಲಿ ನೆಲಕ್ಕೆ ತಾಗದೆ ಇರುವ ಎರಡು ಸಣ್ಣ ಗೊರಸುಗಳು ಕೆಲಸವಿಲ್ಲದೆ ಉಳಿದ ಬೇರೆ ಎರಡು ಬೆರಳುಗಳು. ಹೆಬ್ಬೆರಳು ಇಲ್ಲವೇ ಇಲ್ಲ.

ಇತರ ಎಲುಬುಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಕುತ್ತಿಗೆಯ ಎಲುಬುಗಳು ನಮಗೂ ಹಸುವಿಗೂ ಏಳೇ. ಪಕ್ಕೆಲುಬುಗಳು ನಮಗೆ 12 ಜೊತೆ, ಹಸುವಿಗೆ 13 ಜೊತೆ. ಕೊರಳೆಲುಬು ನಮಗುಂಟು, ಹಸುವಿಗಿಲ್ಲ. ಬೆಳೆದ ಹಸುವಿಗೂ ಬೆಳೆದ ಮನುಷ್ಯನಿಗೂ ಹಲ್ಲುಗಳು ಮೂವತ್ತೆರಡು. ಆದರೆ ಹಸುವಿನ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲೇ ಇಲ್ಲದೆ, ಒಂದು ಗಟ್ಟಿಯಾದ ಒಸಡಿನ ದಿಂಡು ಮಾತ್ರವಿರುವುದು. ಹುಲ್ಲನ್ನು ನಾಲಿಗೆಯಿಂದ ಸುತ್ತಿ, ಕೆಳಹಲ್ಲುಗಳಿಗೂ ಈ ದಿಂಡಿಗೂ ನಡುವೆ ಹಿಡಿದು ಕಿತ್ತುಕೊಳ್ಳುವುದು.

ಕಿತ್ತುಕೊಂಡ ಹುಲ್ಲನ್ನು ಹಸುವು ಸರಿಯಾಗಿ ಅಗಿಯದೆಯೇ ನುಂಗುವುದು. ಇಲ್ಲಿಯೇ ಎರಡು ಶರೀರಗಳ ದೊಡ್ಡ ಭೇದವಿದೆ. ನಮ್ಮ ಜಠರವು ಒಂದೇ ಚೀಲ. ಅದರಲ್ಲಿ ಸುಮಾರು ಒಂದೂವರೆ ಲೀಟರು ಹಿಡಿಯುವುದು. ಹಸುವಿನ ಹೊಟ್ಟೆಯಲ್ಲಿ ನಾಲ್ಕು ಕೋಣೆಗಳುಂಟು. ಮೊದಲನೆಯದಾದ ಮೆಲುಕುಚೀಲವು ದೊಡ್ಡ ಹಸುವಿನಲ್ಲಿ ನೂರು ಲೀಟರಿಗೂ ಮೀರಿ ಹಿಡಿಯುವುದು. ಎರಡನೆಯದರ ಒಳಗೋಡೆ ಜೇನುಹುಟ್ಟಿನಂತೆಯೂ, ಮೂರನೆಯದರದು ಪುಸ್ತಕದ ಹಾಳೆಗಳಂತೆಯೂ ಇರುವುವು. ನಾಲ್ಕನೆಯದು ಮಾತ್ರ ನಮ್ಮ ಜಠರದಂತೆ ಹುಳಿರಸವನ್ನು ಸ್ರವಿಸುವುದು. ಹುಲ್ಲಿನ ನಾರನ್ನು ಅರಗಿಸತಕ್ಕ ರಸವು ನಮ್ಮಲ್ಲಿ ಇಲ್ಲದಿರುವಂತೆಯೇ ಹಸುವಿನಲ್ಲಿಯೂ ಇಲ್ಲವೆಂದರೆ ಕೆಲವರಿಗೆ ಆಶ್ಚರ್ಯವಾದೀತು. ಮೆಲುಕುಚೀಲದಲ್ಲಿ ವಾಸವಾಗಿರುವ ಅಸಂಖ್ಯಾತ ಸೂಕ್ಷ್ಮಜೀವಿಗಳು ಆ ಕೆಲಸವನ್ನು ಮಾಡುವುವು. ಮುಂದಿನ ಕೋಣೆಗಳಲ್ಲಿ ಆ ಜೀವಿಗಳೂ ಹಸುವಿಗೆ ಆಹಾರವಾಗುವುವು. ಅಗಿಯದೆ ನುಂಗುವ ಈ ಅಭ್ಯಾಸದಿಂದ ಅಪಾಯವೂ ಉಂಟು. ಮೇವಿನೊಡನೆ ಹೋದ ಮೊಳೆ, ತಂತಿಗಳು ಎರಡನೆಯ ಕೋಣೆಯಲ್ಲಿ ನಿಲ್ಲುವುವು. ಆ ಕೋಣೆಗೂ ಹೃದಯಕ್ಕೂ ನಡುವೆ ಇರುವುದು ವಪೆಯೆಂಬ ತೆಳ್ಳಗಿನ ತೆರೆಯಷ್ಟೆ; ತಂತಿಯು ಅದನ್ನು ಚುಚ್ಚಿಕೊಂಡು ಹೃದಯವನ್ನು ಮುಟ್ಟಿ ಹಸುಗಳು ಸಾಯುವುದುಂಟು. ಪ್ಲಾಸ್ಟಿಕ್ ಚೀಲಗಳಾದರೋ ಮೆಲುಕುಚೀಲದಲ್ಲಿ ಉಂಡೆಗಟ್ಟಿ ಅಲ್ಲಿಯೇ ಉಳಿಯುವುವು.

ಇನ್ನು ಕರುವಿನ ಸಂಗತಿ. ಆಗತಾನೇ ಹುಟ್ಟಿದ ಕರುವಿಗೆ ಮೆಲುಕುಚೀಲವು ಬಹಳ ಚಿಕ್ಕದು. ಕರುವು ಹಾಲು ಚೀಪುವಾಗ ಅನ್ನನಾಳದ ತುದಿಯಲ್ಲಿರುವ ಒಂದು ಕಾಲುವೆಯ ಎರಡು ಅಂಚುಗಳೂ ಕೂಡಿಕೊಂಡು ಕೊಳವೆಯಂತಾಗಿ, ಹಾಲು ನೆಟ್ಟಗೆ ನಾಲ್ಕನೆಯ ಕೋಣೆಗೆ ಇಳಿಯುವುದು. ಹೀಗೆ ಮೊದಲ ವಾರಗಳಲ್ಲಿ ಕರುವೂ ನಮ್ಮ ಶಿಶುವಿನಂತೆ ಒಂದೇ ಜಠರದಿಂದ ಬದುಕುವುದು. ತಾಯಿಯ ಗರ್ಭದಲ್ಲಿ ಇಬ್ಬರೂ ಇರುವ ಕಾಲವೂ ಹೆಚ್ಚುಕಡಿಮೆ ಸಮನೇ, ಸುಮಾರು ಒಂಬತ್ತು ತಿಂಗಳು. ಇಷ್ಟು ಹೋಲಿಕೆಯನ್ನು ಕಂಡು, ಹುಟ್ಟಿದ ಕರುವು ಹುಟ್ಟಿದ ಮಗುವಿನಂತೆಯೇ ಎಂದು ನಾವು ತಿಳಿದರೆ ಮೋಸಹೋಗುವೆವು.

ಅದು ಹೇಗೆಂದರೆ, ಗರ್ಭದಲ್ಲಿ ಮಗುವನ್ನು ಪೋಷಿಸುವ ಮಾಸು ಮನುಷ್ಯರಲ್ಲಿ ತಟ್ಟೆಯಂತೆ ಒಂದೇ ಆಗಿದ್ದು, ತಾಯಿಯ ರಕ್ತದಲ್ಲಿಯೇ ತೊಯ್ದಿರುವುದು. ತಾಯಿಯ ರಕ್ತದಲ್ಲಿರುವ ರೋಗನಿರೋಧಕ ದ್ರವ್ಯಗಳು, ವಿಶೇಷವಾಗಿ ಕೊನೆಯ ತಿಂಗಳುಗಳಲ್ಲಿ, ಅದರ ಮೂಲಕ ಮಗುವಿಗೆ ಸೇರುವುವು. ಹಸುವಿನ ಮಾಸು ಹಾಗಲ್ಲ. ಅದು ಗುಂಡಿಗಳಂಥ ಅನೇಕ ಗಂಟುಗಳಲ್ಲಿ ಗರ್ಭಕೋಶಕ್ಕೆ ಅಂಟಿಕೊಂಡಿರುವುದು. ತಾಯಿಯ ರಕ್ತಕ್ಕೂ ಕರುವಿನ ರಕ್ತಕ್ಕೂ ನಡುವೆ ಹಲವು ಪೊರೆಗಳುಂಟು. ಆಹಾರವೂ ಪ್ರಾಣವಾಯುವೂ ದಾಟುವುವು, ನಿರೋಧಕ ದ್ರವ್ಯಗಳು ದಾಟಲಾರವು. ಆದದರಿಂದ ಕರುವು ಬರಿಗೈಯಲ್ಲಿ ಲೋಕಕ್ಕೆ ಬರುವುದು. ಅದಕ್ಕೆ ಬೇಕಾದ ರಕ್ಷಣೆಯೆಲ್ಲವೂ ಗಿಣ್ಣುಹಾಲಿನಲ್ಲಿದೆ. ಮೊದಲ ಗಂಟೆಗಳಲ್ಲಿ ಕರುವಿನ ಕರುಳಿನ ಗೋಡೆಯು ಆ ದ್ರವ್ಯಗಳನ್ನು ಅರಗಿಸದೆ ಇಡಿಯಾಗಿಯೇ ರಕ್ತಕ್ಕೆ ಬಿಡುವುದು. ಗಂಟೆಗಂಟೆಗೂ ಈ ಶಕ್ತಿ ಕುಂದುತ್ತಾ, ಸುಮಾರು ಒಂದು ದಿನವಾಗುವಷ್ಟರಲ್ಲಿ ಬಾಗಿಲು ಮುಚ್ಚಿಹೋಗುವುದು. ಆಮೇಲೆ ಎಷ್ಟು ಗಿಣ್ಣನ್ನು ಕುಡಿಸಿದರೂ ಅದು ಆಹಾರವಾದೀತೇ ಹೊರತು ರಕ್ತಕ್ಕೆ ಸೇರಿ ಕಾಪಾಡಲಾರದು.

ನಮ್ಮ ಹಳ್ಳಿಗಳಲ್ಲಿ ಹಸು ಈದ ಮೇಲೆ ಮಾಸು ಬೀಳುವ ತನಕ ಕರುವನ್ನು ಕೆಚ್ಚಲಿಗೆ ಬಿಡಬಾರದೆಂಬ ಪದ್ಧತಿ ಹಲವು ಮನೆಗಳಲ್ಲಿ ಉಂಟಷ್ಟೆ. ಮಾಸು ಬೀಳುವುದಕ್ಕೆ ಹನ್ನೆರಡು ಗಂಟೆಗಳವರೆಗೂ ಹಿಡಿಯಬಹುದು. ಕರುವಿಗೆ ಬೆಲೆಯುಳ್ಳ ಗಂಟೆಗಳು ಅವೇ. ಮುಂದೆ ಎರಡು ವಾರಗಳೊಳಗೆ ಕರುವು ಭೇದಿಯಿಂದಲೋ ಹೊಕ್ಕುಳಬಾವಿನಿಂದಲೋ ಸತ್ತರೆ, ದೃಷ್ಟಿ ತಾಕಿತೆಂದು ಹೇಳಿ ಸುಮ್ಮನಾಗುವರು. ಕಟ್ಟಿಹಾಕಿದ ಆ ಹಗ್ಗದ ನೆನಪು ಯಾರಿಗೂ ಬಾರದು. ಕರುವು ಚೀಪುವುದರಿಂದ ಗರ್ಭಕೋಶವು ಸಂಕೋಚಗೊಂಡು ಮಾಸು ಬೀಳುವುದಕ್ಕೆ ಸಹಾಯವಾದೀತೇ ವಿನಾ ಅಡ್ಡಿಯಾಗದು. ನಮ್ಮ ಶಿಶುಗಳಿಗೂ ತಾಯಿಯ ಹಳದಿಯಾದ ಮೊದಲ ಹಾಲನ್ನು ಹಿಂಡಿ ಚೆಲ್ಲುವ ವಾಡಿಕೆ ಕೆಲವು ಕಡೆ ಇದೆ. ಮಗುವು ಗರ್ಭದಲ್ಲಿಯೇ ಸ್ವಲ್ಪ ಬಂಡವಾಳವನ್ನು ಪಡೆದು ಬರುವುದರಿಂದ ಈ ತಪ್ಪು ಅಷ್ಟು ಬೇಗ ಕಾಣಿಸಿಕೊಳ್ಳುವುದಿಲ್ಲವಾದರೂ, ಕರುಳಿಗೆ ಕವಚದಂತಿರುವ ಆ ಹಾಲನ್ನು ಚೆಲ್ಲುವುದು ತಪ್ಪೇ. ಹುಟ್ಟಿದ ಒಂದು ಗಂಟೆಯೊಳಗೆ ಮಗುವಿಗೆ ಎದೆಹಾಲನ್ನು ಕೊಡತಕ್ಕದ್ದು.

ಕರುವಿಗೆ ಎಷ್ಟು ಗಿಣ್ಣು ಬೇಕೆಂದು ಕೇಳಿದರೆ, ಅದರ ತೂಕದ ಹತ್ತರಲ್ಲೊಂದು ಪಾಲು ಎಂಬ ಲೆಕ್ಕ ಸುಲಭವಾದುದು. ಇಪ್ಪತ್ತು ಕಿಲೋ ತೂಗುವ ನಾಟಿ ಕರುವಿಗೆ ಸುಮಾರು ಎರಡು ಲೀಟರು. ಅದನ್ನು ಮೊದಲ ಆರು ಗಂಟೆಗಳೊಳಗೆ, ಮೊದಲನೆಯ ಸಲ ಎರಡು ಗಂಟೆಗಳೊಳಗೇ, ಕುಡಿಯಗೊಡಬೇಕು. ಕರುವು ಏಳಲಾರದಿದ್ದರೆ ಕರೆದು ಕುಡಿಸಬೇಕು. ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿದ ಗಿಣ್ಣಿಗಾಗಿ ಮನೆಯ ಮಕ್ಕಳು ಕಾದು ಕುಳಿತಿರುವರೆಂಬುದು ನಿಜ. ಅವರಿಗೆ ಎರಡನೆಯ, ಮೂರನೆಯ ಕರಾವಿನ ಹಾಲಿನಲ್ಲಿ ಕರುವು ಕುಡಿದು ಮಿಕ್ಕುದು ಸಾಕು. ತುಸು ಮೆತ್ತಗಾದರೂ ಅದೂ ಹೆಪ್ಪುಗಟ್ಟುವುದು.