ಆರ್ತರ ಪರ ನಿಂತವರ ಪಾಡು: ಉತ್ತರ ಐರ್ಲೆಂಡಿನ ಒಂದು ನಿದರ್ಶನ

ಪೀಠಿಕೆ

ಮತಪಂಥಗಳ ಹೆಸರಿನಲ್ಲಿ ನಡೆದ ಹಿಂಸಾಚಾರಗಳಲ್ಲಿ ಮಡಿದವರ ಲೆಕ್ಕವನ್ನು ಇತಿಹಾಸಕಾರರು ಹೇಗೋ ಇಟ್ಟಿರುತ್ತಾರೆ. ಆದರೆ ಆ ಹಿಂಸೆಯನ್ನು ತಪ್ಪೆಂದು ಬಾಯಿಬಿಟ್ಟು ಹೇಳಿ, ಮಡಿದವರ ಪರವಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿದವರ ಗತಿ ಏನಾಯಿತೆಂಬುದನ್ನು ನಾವು ಅಷ್ಟಾಗಿ ವಿಚಾರಿಸುವುದಿಲ್ಲ. ಇಂಥವರನ್ನು ಈಗ ‘ಮಾನವ ಹಕ್ಕುಗಳ ರಕ್ಷಕರು’ ಎಂದು ಕರೆಯುವ ರೂಢಿ ಬಂದಿದೆ. ಇವರ ರಕ್ಷಣೆಗಾಗಿಯೇ ವಿಶ್ವಸಂಸ್ಥೆಯ ಮಹಾಸಭೆಯು 1998ರ ಡಿಸೆಂಬರ್ 9ರಂದು ಒಂದು ಘೋಷಣೆಯನ್ನು ಅಂಗೀಕರಿಸಿತು. ಆ ಘೋಷಣೆಗೆ ನೂರು ದಿನ ತುಂಬುವ ಮೊದಲೇ ಉತ್ತರ ಐರ್ಲೆಂಡಿನ ಲರ್ಗನ್ ಎಂಬ ಪಟ್ಟಣದಲ್ಲಿ ರೋಸ್‌ಮೆರಿ ನೆಲ್ಸನ್ ಎಂಬ ವಕೀಲೆ ಬಾಂಬಿಗೆ ಬಲಿಯಾದರು.

ಇಂಥ ಕೊಲೆ ಒಮ್ಮೆಲೇ ನಡೆಯುವಂಥದಲ್ಲ. ಅದು ಮಾತಿನಿಂದ ಮೊದಲಾಗಿ ಹಂತಹಂತವಾಗಿ ಬೆಳೆದುಬರುತ್ತದೆ. ಕೊನೆಯ ಹಂತದಲ್ಲಿ ಕೊಲೆಗಾರರು ಮಾತ್ರ ಇರಬಹುದು. ಮೊದಲಿನ ಹಂತಗಳಲ್ಲಿ ಗೌರವಸ್ಥರು ಅನೇಕರಿರುತ್ತಾರೆ. ಈ ಮಾತನ್ನು ಸಾಧಾರವಾಗಿ ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ನಾಡಿನ ಹಿನ್ನೆಲೆ

1921ರಲ್ಲಿ ಐರ್ಲೆಂಡು ಎರಡಾಗಿ, ಉತ್ತರದ ಆರು ಜಿಲ್ಲೆಗಳು ಬ್ರಿಟನ್ನಿನಲ್ಲಿಯೇ ಉಳಿದವು. ಅಲ್ಲಿಯ ಎರಡು ಸಮುದಾಯಗಳೂ ಕ್ರಿಸ್ತನನ್ನೇ ಆರಾಧಿಸುವಂಥವು. ಆದರೆ ಬಹುಸಂಖ್ಯಾತರಾಗಿದ್ದ ಪ್ರಾಟೆಸ್ಟಂಟರು ಹೆಚ್ಚಾಗಿ ಬ್ರಿಟನ್ನಿನೊಡನೆ ಇರಬಯಸುವವರು. ಕ್ಯಾಥೊಲಿಕರು ಹೆಚ್ಚಾಗಿ ಅಖಂಡ ಐರ್ಲೆಂಡನ್ನು ಬಯಸುವವರು. ಬೀದಿಗಳು ಬೇರೆ, ಆಟದ ಮೈದಾನಗಳು ಬೇರೆ, ಶಾಲೆಗಳೂ ಬೇರೆ. ಎರಡೂ ಪಂಥಗಳ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತು ಓದಲೆಂದೇ ತೆರೆದ ಮೊದಲ ಶಾಲೆಯಾದ ಲಗನ್ ಕಾಲೇಜು 1981ರಲ್ಲಿ ಕೇವಲ 28 ವಿದ್ಯಾರ್ಥಿಗಳೊಡನೆ ಆರಂಭವಾಯಿತೆಂಬುದು ಅಧ್ಯಾಪಕರು ಗಮನಿಸತಕ್ಕ ಸಂಗತಿ.

1960ರ ದಶಕದ ಕೊನೆಯಿಂದ 1998ರವರೆಗೆ ನಡೆದ ಹಿಂಸಾಚಾರದಲ್ಲಿ ಸುಮಾರು 3,500 ಜನ ಪ್ರಾಣ ಕಳೆದುಕೊಂಡರು. ಎರಡೂ ಕಡೆಗಳಲ್ಲಿ ಶಸ್ತ್ರಧಾರಿ ಗುಂಪುಗಳಿದ್ದವು. ಅಲ್ಲಿಯ ಪೋಲೀಸ್ ಪಡೆಯ ಸಿಬ್ಬಂದಿಯಲ್ಲಿ ಸುಮಾರು 300 ಮಂದಿ ಈ ಅವಧಿಯಲ್ಲಿ ಹತರಾದರು. ಆ ಪಡೆಯ ಕಷ್ಟವನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಆದರೆ ಅದೇ ಪಡೆಯಲ್ಲಿ ಕ್ಯಾಥೊಲಿಕರ ಪ್ರಮಾಣ ನೂರಕ್ಕೆ ಎಂಟರಷ್ಟು ಮಾತ್ರವೆಂದು 1999ರ ಪ್ಯಾಟನ್ ಆಯೋಗದ ವರದಿ ತೋರಿಸಿಕೊಟ್ಟಿತು. ತಮ್ಮ ಸಂಗಡಿಗರನ್ನು ಕೊಂದರೆಂದು ಆರೋಪಕ್ಕೊಳಗಾದವರ ಪರ ವಾದಿಸುವ ವಕೀಲನನ್ನು ಆ ಪಡೆಯವರಲ್ಲಿ ಕೆಲವರು ಹಗೆಯಂತೆ ಕಂಡದ್ದಕ್ಕೆ ಹಿನ್ನೆಲೆ ಇದು. ಇದು ಕಾರಣವೇ ಹೊರತು ಸಮರ್ಥನೆಯಲ್ಲ.

ಮಾತಿನ ಹಂತ: ಪ್ಯಾಟ್ ಫಿನುಕೇನ್

ಬೆಲ್‌ಫಾಸ್ಟ್ ನಗರದ ಪ್ಯಾಟ್ ಫಿನುಕೇನ್ ಹೆಸರಾಂತ ವಕೀಲರು. ಅವರ ಕಕ್ಷಿದಾರರಲ್ಲಿ ಐರಿಷ್ ಗಣತಂತ್ರವಾದಿಗಳು ಅನೇಕರಿದ್ದರು. 1989ರ ಜನವರಿ 17ರಂದು ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಡಗ್ಲಸ್ ಹಾಗ್ ಎಂಬ ಕಿರಿಯ ಮಂತ್ರಿಯು, ಉತ್ತರ ಐರ್ಲೆಂಡಿನ ಕೆಲವು ವಕೀಲರು ಸಶಸ್ತ್ರ ಐರಿಷ್ ಸಂಘಟನೆಯ ಬಗ್ಗೆ ಅತಿಯಾದ ಸಹಾನುಭೂತಿ ಉಳ್ಳವರೆಂದು ಹೇಳಿದರು. ಹೆಸರು ಯಾವುದನ್ನೂ ಹೇಳಲಿಲ್ಲ, ಆಧಾರವನ್ನೂ ಕೊಡಲಿಲ್ಲ. ಆ ನಾಡಿನ ಸದಸ್ಯರಾದ ಶೇಮಸ್ ಮ್ಯಾಲನ್ ಒಡನೆಯೇ ಎದ್ದುನಿಂತು, ಇಂಥ ಮಾತಿನಿಂದ ವಕೀಲರು ಕೊಲೆಗಾರರ ಗುರಿಯಾಗುವರೆಂದು ಎಚ್ಚರಿಸಿದರು. ಮಂತ್ರಿಗಳು ತಮ್ಮ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ. ನಾಲ್ಕು ವಾರ ತುಂಬುವುದರೊಳಗೆ, ಫೆಬ್ರವರಿ 12ರ ಭಾನುವಾರ, ಫಿನುಕೇನರು ಹೆಂಡತಿ ಮಕ್ಕಳೊಡನೆ ಊಟಕ್ಕೆ ಕುಳಿತಿದ್ದಾಗ ಮುಸುಕುಧಾರಿಗಳು ಮನೆಗೆ ನುಗ್ಗಿ ಅವರನ್ನು ಗುಂಡಿಕ್ಕಿ ಕೊಂದರು.

2012ರ ಡಿಸೆಂಬರ್‌ನಲ್ಲಿ ಪ್ರಕಟವಾದ ಡಿ ಸಿಲ್ವ ಅವರ ಪರಿಶೀಲನಾ ವರದಿಯು ಈ ಕೊಲೆಯಲ್ಲಿ ಸರಕಾರಿ ಸಿಬ್ಬಂದಿ ಶಾಮೀಲಾಗಿದ್ದುದನ್ನು ಬಯಲಿಗೆಳೆಯಿತು. ಅಂದಿನ ಪ್ರಧಾನಿ ಡೇವಿಡ್ ಕ್ಯಾಮರಾನ್ ಪಾರ್ಲಿಮೆಂಟಿನಲ್ಲಿ ಆ ಕುಟುಂಬದ ಕ್ಷಮೆ ಕೋರಿದರು. ಪೂರ್ಣ ಪ್ರಮಾಣದ ಬಹಿರಂಗ ವಿಚಾರಣೆ ನಡೆಸುವುದಾಗಿ ಬ್ರಿಟಿಷ್ ಸರಕಾರ ಪ್ರಕಟಿಸಿದ್ದು 2024ರ ಸೆಪ್ಟೆಂಬರ್‌ನಲ್ಲಿ. ಎಂದರೆ ಕೊಲೆಯಾದ 35 ವರ್ಷಗಳ ಮೇಲೆ.

ವಕೀಲರನ್ನು ಅವರ ಕಕ್ಷಿದಾರರೊಡನೆಯಾಗಲಿ ಕಕ್ಷಿದಾರರ ಉದ್ದೇಶಗಳೊಡನೆಯಾಗಲಿ ಒಂದಾಗಿ ಎಣಿಸಬಾರದೆಂಬ ತತ್ತ್ವವನ್ನು 1990ರಲ್ಲಿ ಹವಾನಾದಲ್ಲಿ ಕೂಡಿದ ವಿಶ್ವಸಂಸ್ಥೆಯ ಸಮ್ಮೇಳನವು ಒಪ್ಪಿಕೊಂಡಿತು. ಅದು ಕಾಗದದ ಮೇಲಿನ ಮಾತಾಗಿಯೇ ಉಳಿಯಿತೆಂಬುದಕ್ಕೆ ಮುಂದಿನ ಕಥೆಯೇ ಸಾಕ್ಷಿ.

ರೋಸ್‌ಮೆರಿ ನೆಲ್ಸನ್

1958ರಲ್ಲಿ ಲರ್ಗನ್ನಿನ ಕ್ಯಾಥೊಲಿಕ್ ಕುಟುಂಬವೊಂದರಲ್ಲಿ ಜನಿಸಿದ ರೋಸ್‌ಮೆರಿ ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ, 1989ರಲ್ಲಿ ಹುಟ್ಟೂರಿನಲ್ಲಿಯೇ ಸ್ವಂತ ಕಚೇರಿ ತೆರೆದರು. ಆಸ್ತಿ ವರ್ಗಾವಣೆ, ವಿವಾಹ ವಿಚ್ಛೇದನ ಮೊದಲಾದ ಸಾಮಾನ್ಯ ಕೆಲಸಗಳೇ ಹೆಚ್ಚು. ಕಕ್ಷಿದಾರರಲ್ಲಿ ಎರಡೂ ಪಂಥದವರಿದ್ದರು. ಮೂವರು ಮಕ್ಕಳ ತಾಯಿ. ಹುಟ್ಟಿನಿಂದಲೇ ಮುಖದ ಮೇಲಿದ್ದ ಮಚ್ಚೆಗಾಗಿ ಎಳವೆಯಲ್ಲಿ ಅನೇಕ ಶಸ್ತ್ರಚಿಕಿತ್ಸೆಗಳಾಗಿ, ಅದರ ಗುರುತು ಉಳಿದಿತ್ತು.

ಆಕೆಯನ್ನು ಅಪಾಯಕ್ಕೆ ಗುರಿಮಾಡಿದ ಮೊಕದ್ದಮೆಗಳು ಮುಖ್ಯವಾಗಿ ಮೂರು ಬಗೆಯವು. ಪೋಲೀಸರನ್ನು ಕೊಂದ ಆರೋಪ ಹೊತ್ತವನೊಬ್ಬನ ಪರ ಆಕೆ ನಿಂತದ್ದು ಮೊದಲನೆಯದು. ಎರಡನೆಯದು ರಾಬರ್ಟ್ ಹ್ಯಾಮಿಲ್ ಪ್ರಕರಣ. 1997ರ ಏಪ್ರಿಲ್ 27ರ ರಾತ್ರಿ ಪೋರ್ಟಡೌನ್ ಪಟ್ಟಣದಲ್ಲಿ ಮನೆಗೆ ಮರಳುತ್ತಿದ್ದ ಈ ಕ್ಯಾಥೊಲಿಕ್ ತರುಣನನ್ನು ಪ್ರಾಟೆಸ್ಟಂಟರ ಗುಂಪೊಂದು ತುಳಿದು ಥಳಿಸಿತು. ಮೇ 8ರಂದು ಅವನು ತೀರಿಕೊಂಡನು. ಸಮೀಪದಲ್ಲಿಯೇ ಪೋಲೀಸ್ ವಾಹನವಿದ್ದರೂ ಯಾರೂ ಬಿಡಿಸಲಿಲ್ಲವೆಂಬುದು ಕುಟುಂಬದವರ ದೂರು. ಆ ಕುಟುಂಬಕ್ಕೆ ದನಿಯಾದವರು ರೋಸ್‌ಮೆರಿ. ಮೂರನೆಯದು ಅದೇ ಪಟ್ಟಣದ ಗಾರ್ವಾಹಿ ರಸ್ತೆಯ ನಿವಾಸಿಗಳ ವ್ಯಾಜ್ಯ. ಪ್ರತಿವರ್ಷ ಜುಲೈ ತಿಂಗಳಲ್ಲಿ ಪ್ರಾಟೆಸ್ಟಂಟರ ಆರೆಂಜ್ ಸಂಘದ ಮೆರವಣಿಗೆ ಆ ಕ್ಯಾಥೊಲಿಕ್ ಬಡಾವಣೆಯ ನಡುವೆ ಹಾದುಹೋಗುತ್ತಿತ್ತು. ಅದು ತಮ್ಮ ಬೀದಿಯಲ್ಲಿ ಬೇಡವೆಂದ ನಿವಾಸಿಗಳಿಗೆ ಈಕೆಯೇ ಕಾನೂನು ಸಲಹೆಗಾರ್ತಿ. 1997ರ ಜುಲೈನಲ್ಲಿ ಪೋಲೀಸರು ಜನರನ್ನು ಬಲದಿಂದ ಸರಿಸಿ ಮೆರವಣಿಗೆಗೆ ದಾರಿ ಮಾಡಿಕೊಟ್ಟಾಗ, ಅಧಿಕಾರಿಯೊಡನೆ ಮಾತನಾಡಲು ಮುಂದಾದ ಆಕೆಯನ್ನು ಪೋಲೀಸರೇ ತಳ್ಳಿ ಅವಾಚ್ಯವಾಗಿ ನಿಂದಿಸಿದರು.

ಕಿವಿಗೆ ಬೀಳದ ದೂರು

ಬಂಧನದಲ್ಲಿದ್ದ ಕಕ್ಷಿದಾರರು ಬಿಡುಗಡೆಯಾಗಿ ಬಂದು, ತನಿಖೆಯ ವೇಳೆ ಪೋಲೀಸರು ಆಕೆಯ ಮುಖವನ್ನು ಹಂಗಿಸಿದರೆಂದೂ ಕೊಲೆಯಾಗುವಳೆಂದು ಹೇಳಿದರೆಂದೂ ತಿಳಿಸತೊಡಗಿದರು. ಬೆದರಿಕೆಯ ಪತ್ರ ಬಂದಿತು. ಆಕೆಯ ಕಚೇರಿಯ ವಿಳಾಸವನ್ನೂ ದೂರವಾಣಿ ಸಂಖ್ಯೆಯನ್ನೂ ಅಚ್ಚುಮಾಡಿದ ಕರಪತ್ರ ಊರಲ್ಲಿ ಹರಡಿತು. ಆಕೆ ಸುಮ್ಮನೆ ಕೂಡಲಿಲ್ಲ. ದೂರು ಕೊಟ್ಟರು. ವಕೀಲರ ಸ್ವಾತಂತ್ರ್ಯವನ್ನು ಕುರಿತು ವಿಶ್ವಸಂಸ್ಥೆಯ ವಿಶೇಷ ವರದಿಗಾರರಾಗಿದ್ದ ಮಲೇಶಿಯಾದ ಪರಮ್ ಕುಮಾರಸ್ವಾಮಿಯವರು 1997ರಲ್ಲಿ ಆ ನಾಡಿಗೆ ಬಂದು, ವಕೀಲರಿಗೆ ಪೋಲೀಸರು ಕಿರುಕುಳ ಕೊಡುವುದುಂಟೆಂದು ಮರುವರ್ಷದ ವರದಿಯಲ್ಲಿ ಬರೆದರು. 1998ರ ಆಗಸ್ಟ್‌ನಲ್ಲಿ ಬೆಲ್‌ಫಾಸ್ಟಿನ ಮಾನವ ಹಕ್ಕುಗಳ ಸಂಸ್ಥೆಯೊಂದು ಬೆದರಿಕೆಯ ಪತ್ರವನ್ನೂ ಕರಪತ್ರವನ್ನೂ ಮಂತ್ರಿಗಳಿಗೆ ಒಪ್ಪಿಸಿತು. ಸೆಪ್ಟೆಂಬರ್ 29ರಂದು ರೋಸ್‌ಮೆರಿಯವರೇ ಅಮೆರಿಕದ ಕಾಂಗ್ರೆಸ್ಸಿನ ಉಪಸಮಿತಿಯ ಮುಂದೆ ನಿಂತು ತಮಗಿದ್ದ ಅಪಾಯವನ್ನು ವಿವರಿಸಿದರು. ಆಕೆಯ ಪ್ರಾಣಕ್ಕಿರುವ ಅಪಾಯ ಎಲ್ಲರಿಗೂ ತಿಳಿದಿತ್ತು. ರಕ್ಷಣೆಯ ಏರ್ಪಾಡು ಮಾತ್ರ ಆಗಲಿಲ್ಲ.

ಅದೇ ವರ್ಷದ ಏಪ್ರಿಲ್ 10ರಂದು ಶಾಂತಿ ಒಪ್ಪಂದವಾಗಿತ್ತು. ಇನ್ನು ಹಿಂಸೆ ಮುಗಿಯಿತೆಂದು ಲೋಕವೇ ನಂಬಿದ್ದ ಕಾಲ. 1999ರ ಮಾರ್ಚ್ 15ರ ಮಧ್ಯಾಹ್ನ ಮನೆಯ ಬಳಿ ಆಕೆಯ ಕಾರಿನ ಅಡಿಯಲ್ಲಿಟ್ಟಿದ್ದ ಬಾಂಬು ಸಿಡಿಯಿತು. ಕಿರಿಯ ಮಗಳು ಓದುತ್ತಿದ್ದ ಪ್ರಾಥಮಿಕ ಶಾಲೆ ಅಲ್ಲಿಗೆ ಕೂಗಳತೆಯಲ್ಲಿತ್ತು. ಎರಡು ತಾಸಿನ ಬಳಿಕ ಆಸ್ಪತ್ರೆಯಲ್ಲಿ ಪ್ರಾಣ ಹೋಯಿತು. ಆಗ ಆಕೆಗೆ 40 ವರ್ಷ. ‘ರೆಡ್ ಹ್ಯಾಂಡ್ ಡಿಫೆಂಡರ್ಸ್’ ಎಂಬ ಪ್ರಾಟೆಸ್ಟಂಟ್ ಉಗ್ರ ಗುಂಪು ಹೊಣೆ ಹೊತ್ತುಕೊಂಡಿತು.

ವಿಚಾರಣೆಯ ನಿರ್ಣಯ

ಸರ್ ಮೈಕೆಲ್ ಮಾರ್ಲಂಡ್ ಅವರ ಅಧ್ಯಕ್ಷತೆಯ ವಿಚಾರಣಾ ಸಮಿತಿಯ ವರದಿ 2011ರ ಮೇ 23ರಂದು ಹೊರಬಂದಿತು. ಸರಕಾರಿ ಸಂಸ್ಥೆಗಳು ಕೊಲೆಗೆ ನೇರವಾಗಿ ನೆರವಾದವೆಂಬುದಕ್ಕೆ ಆಧಾರ ದೊರೆಯಲಿಲ್ಲವೆಂದು ಸಮಿತಿ ಹೇಳಿತು. ಬಿಡಿಯಾಗಿ ಕೆಲವು ಸಿಬ್ಬಂದಿಯ ಕೈವಾಡವಿದ್ದಿರಬಹುದೆಂಬ ಸಂದೇಹವನ್ನು ತಳ್ಳಿಹಾಕಲೂ ಇಲ್ಲ. ಅದಕ್ಕಿಂತ ನಮ್ಮ ವಿಷಯಕ್ಕೆ ಮುಖ್ಯವಾದುದು ಇನ್ನೊಂದು ನಿರ್ಣಯ. ಪೋಲೀಸರು ಆಕೆಯನ್ನು ಬಹಿರಂಗವಾಗಿ ನಿಂದಿಸಿ ಹಲ್ಲೆ ಮಾಡಿದ್ದರಿಂದ, ಆಕೆ ಕೊಲ್ಲತಕ್ಕವಳೆಂಬ ಭಾವನೆಗೆ ಕೊಲೆಗಾರರ ದೃಷ್ಟಿಯಲ್ಲಿ ಮಾನ್ಯತೆ ದೊರೆತಂತಾಯಿತು. ಅಧಿಕಾರಿಗಳು ಎಚ್ಚರಿಕೆ ಕೊಡದೆ, ರಕ್ಷಣೆಗೆ ಮುಂದಾಗದೆ ಹೋದದ್ದರಿಂದ ಅಪಾಯ ಹೆಚ್ಚಿತು ಎಂದು ಸಮಿತಿ ಸ್ಪಷ್ಟಪಡಿಸಿತು. ವರದಿ ಬಂದ ದಿನದವರೆಗೂ ಕೊಲೆಗಾಗಿ ಒಬ್ಬನಿಗೂ ಶಿಕ್ಷೆಯಾಗಿರಲಿಲ್ಲ.

ಬಾಂಬಿಟ್ಟವರು ಯಾರೆಂಬುದನ್ನು ಸಾಬೀತುಪಡಿಸಲಾಗದಿದ್ದರೂ, ಬಾಂಬಿಗೆ ದಾರಿ ಮಾಡಿಕೊಟ್ಟ ಮಾತುಗಳು ಎಲ್ಲಿ ಆಡಲ್ಪಟ್ಟವೆಂಬುದು ದಾಖಲೆಯಾಗಿ ಉಳಿಯಿತು.

ಮುಲ್ತಾನಿನಲ್ಲಿ ಅದೇ ಕಥೆ

ಇದು ಒಂದು ನಾಡಿನ ಅಥವಾ ಒಂದು ಮತದ ದೋಷವೆಂದು ಭಾವಿಸಲಾಗದು. ಪಾಕಿಸ್ತಾನದ ಮುಲ್ತಾನ್ ನಗರದಲ್ಲಿ ಜುನೈದ್ ಹಫೀಜ್ ಎಂಬ ವಿಶ್ವವಿದ್ಯಾಲಯದ ಅಧ್ಯಾಪಕರನ್ನು 2013ರಲ್ಲಿ ಮತನಿಂದನೆಯ ಆರೋಪದ ಮೇಲೆ ಸೆರೆಹಿಡಿಯಲಾಯಿತು. ಮೊದಲ ವಕೀಲರು ಬೆದರಿಕೆಗೆ ಅಂಜಿ ಹಿಂದೆ ಸರಿದರು. ಇನ್ನಾರೂ ಒಪ್ಪದಿದ್ದಾಗ ಮುಂದೆ ಬಂದವರು ರಶೀದ್ ರೆಹಮಾನ್. ಅವರು ಅಲ್ಲಿಯ ಮಾನವ ಹಕ್ಕುಗಳ ಆಯೋಗದ ಮುಲ್ತಾನ್ ಶಾಖೆಯ ಸಂಚಾಲಕರು, ಆರೋಪಿಯ ಸಮಾನಧರ್ಮೀಯರೇ. 2014ರ ಏಪ್ರಿಲ್‌ನಲ್ಲಿ ಸೆರೆಮನೆಯೊಳಗೆ ನಡೆದ ವಿಚಾರಣೆಯ ವೇಳೆ, ಮುಂದಿನ ವಿಚಾರಣೆಗೆ ನೀವು ಇರುವುದಿಲ್ಲವೆಂದು ನ್ಯಾಯಾಧೀಶರ ಎದುರಿನಲ್ಲಿಯೇ ಅವರನ್ನು ಬೆದರಿಸಲಾಯಿತು. ಆಯೋಗವು ಬಹಿರಂಗವಾಗಿ ರಕ್ಷಣೆ ಕೇಳಿತು. ರಕ್ಷಣೆ ಬರಲಿಲ್ಲ. ಮೇ 7ರ ರಾತ್ರಿ ಬಂದೂಕುಧಾರಿಗಳು ಕಚೇರಿಗೆ ಬಂದು ಅವರನ್ನು ಕೊಂದರು. ಜುನೈದ್ ಹಫೀಜರಿಗೆ 2019ರ ಡಿಸೆಂಬರ್ 21ರಂದು ಮರಣದಂಡನೆ ವಿಧಿಸಲಾಯಿತು.

ಮೂರು ಕಥೆಗಳಲ್ಲಿಯೂ ಕ್ರಮ ಒಂದೇ. ರಕ್ಷಕನನ್ನು ರಕ್ಷಿತನೊಡನೆ ಒಂದಾಗಿ ಎಣಿಸುವುದು, ಹೀಯಾಳಿಸುವುದು, ಬೆದರಿಸುವುದು, ಬೆದರಿಕೆ ಕಿವಿಗೆ ಬಿದ್ದರೂ ಬಲ್ಲವರು ಸುಮ್ಮನಿರುವುದು, ಕೊನೆಗೆ ಕೊಲೆ.

ನಮ್ಮ ಪಾಲಿನ ಪಾಠ

ಈ ಸರಪಣಿಯ ಕೊನೆಯ ಕೊಂಡಿಯನ್ನು ಮುರಿಯುವುದು ಸರಕಾರದ ಕೆಲಸ. ಮೊದಲ ಕೊಂಡಿ ನಮ್ಮಂಥ ಸಾಮಾನ್ಯರ ಕೈಯಲ್ಲಿದೆ. ಬಂಧಿತನು ತನಗೆ ಬೇಕಾದ ವಕೀಲನನ್ನು ಪಡೆಯುವ ಹಕ್ಕನ್ನು ನಮ್ಮ ಸಂವಿಧಾನದ 22ನೆಯ ವಿಧಿ ಕೊಟ್ಟಿದೆ. ಇಂಥವರ ಪರ ಯಾರೂ ವಾದಿಸಕೂಡದೆಂದು ವಕೀಲರ ಸಂಘಗಳು ನಿರ್ಣಯ ಮಾಡುವುದು ಸಂವಿಧಾನಕ್ಕೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ಹೇಳಿತು. ಆದರೂ 2020ರ ಫೆಬ್ರವರಿಯಲ್ಲಿ, ರಾಜದ್ರೋಹದ ಆರೋಪಕ್ಕೊಳಗಾದ ಮೂವರು ಕಾಶ್ಮೀರಿ ವಿದ್ಯಾರ್ಥಿಗಳ ಪರ ವಕಾಲತ್ತು ವಹಿಸಬಾರದೆಂದು ನಮ್ಮ ಹುಬ್ಬಳ್ಳಿಯ ವಕೀಲರ ಸಂಘವೇ ನಿರ್ಣಯಿಸಿತು. ಕರ್ನಾಟಕದ ಉಚ್ಚ ನ್ಯಾಯಾಲಯವು ಇದನ್ನು ಆಕ್ಷೇಪಿಸಿ, ಬೆಂಗಳೂರಿನಿಂದ ಧಾರವಾಡಕ್ಕೆ ಬರುವ ವಕೀಲರಿಗೆ ಪೋಲೀಸ್ ರಕ್ಷಣೆ ಕೊಡಬೇಕೆಂದಿತು. ಮೂಲ ನಿರ್ಣಯ ಉಳಿಯಲಿಲ್ಲ. ಲರ್ಗನ್ ಮತ್ತು ಮುಲ್ತಾನುಗಳಲ್ಲಿ ನಡೆದುದಕ್ಕೂ ಇದಕ್ಕೂ ಅಜಗಜಾಂತರವಿದೆ, ನಿಜ. ಆದರೆ ಮೊದಲ ಹೆಜ್ಜೆ ಮಾತ್ರ ಅದೇ ಹೆಜ್ಜೆ. ಅದನ್ನು ಅಲ್ಲಿಯೇ ತಡೆದವರು ಇದ್ದರೆಂಬುದು ನಮ್ಮ ಭಾಗ್ಯ.

ತರಗತಿಯಲ್ಲಿ ಹುಡುಗನೊಬ್ಬ ಎದ್ದುನಿಂತು, “ಗುರುಗಳೆ, ಅಂಥವನ ಪರವಾಗಿ ವಾದಿಸುವವನೂ ಅಂಥವನೇ ಅಲ್ಲವೆ?” ಎಂದು ಕೇಳಬಹುದು. ಅವನು ಮನೆಯಲ್ಲೋ ಬೀದಿಯಲ್ಲೋ ಕೇಳಿದ ಮಾತನ್ನೇ ಆಡುತ್ತಿರುತ್ತಾನೆ. ಅವನನ್ನು ಗದರಿಸಿ ಕೂರಿಸಿದರೆ ಪ್ರಶ್ನೆ ಅವನಲ್ಲಿಯೇ ಉಳಿಯುತ್ತದೆ. ನಾವು ನಕ್ಕು ಸುಮ್ಮನಾದರೆ ಆ ಮಾತಿಗೆ ನಮ್ಮ ಮಾನ್ಯತೆಯೂ ಸೇರುತ್ತದೆ. ವೈದ್ಯನು ರೋಗಿಗೆ ಔಷಧ ಕೊಡುವುದರಿಂದ ರೋಗದ ಪಕ್ಷಪಾತಿಯಾಗುವುದಿಲ್ಲ, ವಕೀಲನೂ ಹಾಗೆಯೇ ಎಂದು ತಾಳ್ಮೆಯಿಂದ ಹೇಳಿ, ರೋಸ್‌ಮೆರಿ ನೆಲ್ಸನ್ನರ ಕಥೆಯನ್ನು ಅವನಿಗೆ ತಿಳಿಸಬೇಕು. ವಿದ್ಯಾಸಂಸ್ಥೆಯನ್ನು ಕಟ್ಟಿದ ದಾನಿಗಳ ಧನ, ಕಲಿಸಿದ ಗುರುಗಳ ಶ್ರಮ, ಕಲಿತು ಹೋದವರ ಕೀರ್ತಿ ಸಾರ್ಥಕವಾಗುವ ಎಡೆಗಳಲ್ಲಿ ಆ ಒಂದು ಉತ್ತರವೂ ಸೇರಿದೆ.