ಹಟ್ಟಿ ತೊಳೆಯುವ ಯಂತ್ರ: ಕೊಳ್ಳುವ ಮೊದಲು ಲೆಕ್ಕ ಹಾಕಿ

ಹಟ್ಟಿ ಕೆಲಸಕ್ಕೆ ಜನ ಸಿಗುವುದು ಕಷ್ಟ. ಹಿಡಿಸೂಡಿ ಹಿಡಿದು ನೆಲ ಉಜ್ಜುವ ಕೆಲಸ ಹೆಚ್ಚಾಗಿ ಮನೆಯ ಹೆಂಗಸರ ಪಾಲಿಗೇ ಬರುತ್ತದೆ. ಹಾಗಾಗಿ ಪ್ರೆಶರ್ ವಾಷರ್ ಬಗ್ಗೆ ವಿಚಾರಿಸುವವರು ಬಹಳ. ಅಂಗಡಿಯಲ್ಲಿ ಎಲ್ಲರೂ ಕೇಳುವುದು 'ಎಷ್ಟು ಬಾರ್?' ಅಂತ. ನಾನು ಹೇಳುವುದು, ಮೊದಲು ನೀರಿನ ಲೆಕ್ಕ ಹಾಕಿ.

ನೀರೆಷ್ಟು?

ಬಕೆಟ್, ವಾಚು ಸಾಕು. ನಮ್ಮ ಹಟ್ಟಿಯ ಪೈಪಿನಲ್ಲಿ 20 ಲೀಟರಿನ ಬಕೆಟ್ ಒಂದು ನಿಮಿಷಕ್ಕೆ ತುಂಬುತ್ತದೆ. 20 ನಿಮಿಷ ತೊಳೆದರೆ 400 ಲೀಟರ್. ನಿಮಿಷಕ್ಕೆ 8 ಲೀಟರ್ ಬಿಡುವ ವಾಷರಿನಲ್ಲಿ 15 ನಿಮಿಷಕ್ಕೆ 120 ಲೀಟರ್. ಏಪ್ರಿಲ್‌ನಲ್ಲಿ ಬಾವಿ ತಳ ಕಂಡಾಗ ಈ ವ್ಯತ್ಯಾಸದ ಬೆಲೆ ಗೊತ್ತಾಗುತ್ತದೆ.

ಗೋಬರ್ ಗ್ಯಾಸ್ ಇದ್ದವರಿಗಂತೂ ಇದು ಮುಖ್ಯ. ಸಾಮಾನ್ಯ ಗ್ಯಾಸ್ ಗುಂಡಿಗೆ ಸೆಗಣಿಯಷ್ಟೇ ನೀರು ಸಾಕು. ಐದು ದನಗಳ 50 ಕಿಲೋ ಸೆಗಣಿಗೆ 400 ಲೀಟರ್ ನೀರು ಸೇರಿದರೆ ಗಂಜಿ ಹೋಗಿ ತಿಳಿಯಾದೀತು, ಗ್ಯಾಸ್ ಕಮ್ಮಿಯಾದೀತು. ಆದ್ದರಿಂದ ಯಾವ ಯಂತ್ರ ತಂದರೂ ಮೊದಲು ಸೆಗಣಿ ಬಾಚಿ ತೆಗೆಯಬೇಕು. ತೊಳೆದ ನೀರು ಹುಲ್ಲಿನ ತಾಕಿಗೆ ಹೋಗಲಿ. ಫಿನಾಯಿಲ್ ಹಾಕಿದ ನೀರು ಮಾತ್ರ ಗ್ಯಾಸ್ ಗುಂಡಿಗೆ ಬೇಡವೇ ಬೇಡ. ಅಲ್ಲಿನ ಸೂಕ್ಷ್ಮಜೀವಿಗಳು ಸಾಯುತ್ತವೆ.

ಲೇಬಲ್ ನಂಬಬಹುದೇ?

ಒಂದು ಸುಲಭ ಸೂತ್ರವಿದೆ. ಬಾರ್ ಅನ್ನು ನಿಮಿಷದ ಲೀಟರಿನಿಂದ ಗುಣಿಸಿ, 600ರಿಂದ ಭಾಗಿಸಿ. ಬರುವುದು ಕಿಲೋವ್ಯಾಟ್. 100 ಬಾರ್, 8 ಲೀಟರ್ ಅಂದರೆ 1.33. ಪಂಪು, ಮೋಟಾರಿನ ನಷ್ಟ ಸೇರಿಸಿ ಸುಮಾರು 2 ಕಿಲೋವ್ಯಾಟ್ ಕರೆಂಟ್ ಬೇಕು. ಕಾಲು ಗಂಟೆಗೆ ಅರ್ಧ ಯೂನಿಟ್. 1 ಕಿಲೋವ್ಯಾಟ್ ಮೋಟಾರಿನಲ್ಲಿ 150 ಬಾರ್, 10 ಲೀಟರ್ ಎರಡೂ ಒಟ್ಟಿಗೆ ಸಿಗುತ್ತದೆ ಅಂದರೆ ನಂಬಬೇಡಿ. ನೀರಿಗೇ 2.5 ಕಿಲೋವ್ಯಾಟ್ ಬೇಕಲ್ಲ!

ಯಾವ ಮೋಟಾರು?

ಕಾರ್ಬನ್ ಬ್ರಶ್ಶಿನ ಮೋಟಾರು ಹಗುರ, ಅಗ್ಗ. ಆದರೆ ಗಲಾಟೆ ಹೆಚ್ಚು, ಬ್ರಶ್ ಸವೆಯುತ್ತದೆ. ವಾರಕ್ಕೊಮ್ಮೆ ಜೀಪು ತೊಳೆಯಲು ಸಾಕು. ದಿನಾ ಎರಡು ಹೊತ್ತು ಹಟ್ಟಿ ತೊಳೆಯುವವರಿಗೆ ಇಂಡಕ್ಷನ್ ಮೋಟಾರೇ ವಾಸಿ. ತೂಕ, ಬೆಲೆ ಜಾಸ್ತಿ, ಬಾಳಿಕೆಯೂ ಜಾಸ್ತಿ. ಆದರೆ ವೋಲ್ಟೇಜ್ ತೀರಾ ಇಳಿದಾಗ ಯಾವ ಮೋಟಾರನ್ನೂ ಓಡಿಸಬೇಡಿ.

ಬೋರ್ಡೋ ಹೊಡೆಯುವ ಹೆಚ್‌ಟಿಪಿ ಪಂಪು ಮನೆಯಲ್ಲಿದ್ದರೆ ಮೊದಲು ಅದರಲ್ಲೇ ತೊಳೆದು ನೋಡಿ. ಒತ್ತಡ ಕಮ್ಮಿ, ನೀರು ಜಾಸ್ತಿ ಹೋಗುತ್ತದೆ. ಐದಾರು ದನಗಳ ಹಟ್ಟಿಗೆ ಅದೇ ಸಾಕಾದೀತು. ಮೈಲುತುತ್ತಿನ ಅಂಶ ಉಳಿಯದಂತೆ ಪಂಪು, ಪೈಪು ಮೊದಲೇ ಚೆನ್ನಾಗಿ ತೊಳೆದಿರಬೇಕು.

ಗಮನಿಸಬೇಕಾದ್ದು

* ಹಟ್ಟಿ ನೆಲಕ್ಕೆ ಅಗಲವಾಗಿ ಹರಡುವ ನಾಜಲ್ ಸಾಕು. ಸೂಜಿಯಂಥ ನೇರ ಧಾರೆ ಸಿಮೆಂಟು ಕೆತ್ತುತ್ತದೆ, ಚರ್ಮವನ್ನೂ ಸೀಳೀತು. ದನದ ಮೈಗೆ, ಕೆಚ್ಚಲಿಗೆ ಹಿಡಿಯಲೇಬಾರದು.
* ಒದ್ದೆ ನೆಲ, ಕರೆಂಟು, ಬರಿಗಾಲು ಒಟ್ಟಿಗೆ ಸೇರಿದರೆ ಅಪಾಯ. ಸರಿಯಾದ ಅರ್ಥಿಂಗ್, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇಲ್ಲದೆ ಸ್ವಿಚ್ ಹಾಕಬೇಡಿ.
* ನೀರಿನಲ್ಲಿ ಮರಳಿದ್ದರೆ ಪಂಪಿನ ಸೀಲ್ ಬೇಗ ಹೋಗುತ್ತದೆ. ಫಿಲ್ಟರ್ ಇರಲಿ.
* ಸೀಲ್, ವಾಲ್ವ್ ಹತ್ತಿರದ ಪೇಟೆಯಲ್ಲಿ ಸಿಗುತ್ತದೆಯೇ ಕೇಳಿ.

ನೆಲಕ್ಕೆ ಇಳಿಜಾರು ಇಲ್ಲದಿದ್ದರೆ ಯಂತ್ರ ತಂದೂ ಪ್ರಯೋಜನ ಕಮ್ಮಿ. 40 ಅಡಿಗೆ ಒಂದಡಿ ಇಳಿತವಿದ್ದರೆ ನೀರು ತಾನಾಗಿ ಚರಂಡಿ ಸೇರುತ್ತದೆ. ಇನ್ನು, ದುಡ್ಡು ಕೊಡುವ ಮೊದಲು ದಿನಾ ಹಟ್ಟಿ ತೊಳೆಯುವವರನ್ನೇ ಅಂಗಡಿಗೆ ಕರೆದೊಯ್ದು ಗನ್ ಅವರ ಕೈಗೆ ಕೊಟ್ಟು ನೋಡಿ. ಅವರಿಗೆ ಭಾರವಾದರೆ ಆ ಯಂತ್ರ ಬೇಡ.