ಎರಡು ದಿನಗಳ ವಿದ್ಯಾಯಾತ್ರೆ

ಬಸವಕಲ್ಯಾಣವು ಒಂದು ಕಾಲಕ್ಕೆ ವಿದ್ಯೆಯನ್ನು ಅರಸಿ ಜನರು ಬರುತ್ತಿದ್ದ ಊರು. ಕಲ್ಯಾಣದ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನು ಆಳುತ್ತಿದ್ದಾಗ ಕಾಶ್ಮೀರದ ಕವಿ ಬಿಲ್ಹಣನು ಮಥುರೆ, ಕನೌಜು, ಕಾಶಿಗಳನ್ನು ಸುತ್ತಿ ಕೊನೆಗೆ ಈ ರಾಜಧಾನಿಗೆ ಬಂದು ನೆಲೆಸಿದನು. ಧರ್ಮಶಾಸ್ತ್ರದ ಪ್ರಸಿದ್ಧ ವ್ಯಾಖ್ಯಾನವಾದ ‘ಮಿತಾಕ್ಷರಾ’ವನ್ನು ರಚಿಸಿದ ವಿಜ್ಞಾನೇಶ್ವರನು ಇದ್ದುದೂ ಇಲ್ಲಿಯೇ. ಹನ್ನೆರಡನೆಯ ಶತಮಾನದಲ್ಲಿ ನಾನಾ ಕಸುಬಿನ ಶರಣರು ದೂರದೂರುಗಳಿಂದ ಬಂದು ಇಲ್ಲಿ ಕೂಡಿದರು. ಕಾಲ ತಿರುಗಿತು. ಈಗ ಹೆಚ್ಚಿನ ವಿದ್ಯೆಯನ್ನು ಬಯಸುವ ಕಲ್ಯಾಣದ ಮಕ್ಕಳೇ ಗಂಟು ಕಟ್ಟಿಕೊಂಡು ಊರಿನಿಂದ ಹೊರಡಬೇಕಾಗಿದೆ.

ಹೊರಡುವ ದಾರಿ ಹಿಂದಿನವರಿಗೆ ಸುಗಮವಾಗಿರಲಿಲ್ಲ. ಬೀದರ್ ಜಿಲ್ಲೆಯು ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ದಿನಗಳಲ್ಲಿ ವಿಶ್ವವಿದ್ಯಾಲಯವೆಂದರೆ 1918ರಲ್ಲಿ ಹೈದರಾಬಾದಿನಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯವೊಂದೇ. ಅಲ್ಲಿ ಇತಿಹಾಸವನ್ನಷ್ಟೇ ಅಲ್ಲ, ವೈದ್ಯಶಾಸ್ತ್ರವನ್ನೂ ಉರ್ದುವಿನಲ್ಲಿ ಬೋಧಿಸುತ್ತಿದ್ದರು. ಭಾರತೀಯ ಭಾಷೆಯೊಂದು ವಿಶ್ವವಿದ್ಯಾಲಯದ ಬೋಧನಭಾಷೆಯಾದುದು ನಿಜವಾಗಿಯೂ ದೊಡ್ಡ ಸಾಹಸ. ಆದರೆ ಮನೆಯಲ್ಲಿ ಕನ್ನಡವಾಡಿ ಬೆಳೆದ ಹುಡುಗನಿಗೆ ಅದು ಇನ್ನೊಬ್ಬರ ಮನೆಯ ಹಬ್ಬವಾಗಿತ್ತು. 1956ರಲ್ಲಿ ಕರ್ನಾಟಕದ ಏಕೀಕರಣವಾದ ಮೇಲೆ ಈ ಭಾಗವು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಆಶ್ರಯಕ್ಕೆ ಬಂದಿತು. ಭಾಷೆ ತನ್ನದಾಯಿತು, ದೂರ ಮಾತ್ರ ಬಹಳವಾಯಿತು. 1970ರಲ್ಲಿ ಅದರ ಸ್ನಾತಕೋತ್ತರ ಕೇಂದ್ರವು ಕಲಬುರಗಿಯಲ್ಲಿ ಆರಂಭವಾಗಿ, 1980ರಲ್ಲಿ ಅದೇ ಸ್ವತಂತ್ರ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು. ಅಂದಿನ ತಂದೆತಾಯಿಗಳು ಮಗನನ್ನು ಹೈದರಾಬಾದಿಗೋ ಧಾರವಾಡಕ್ಕೋ ಕಳುಹಿಸುವಾಗ ಆ ಸ್ಥಳವನ್ನು ಕಣ್ಣಿನಿಂದ ಕಂಡವರಲ್ಲ. ಮಗಳನ್ನು ಕಳುಹಿಸುವ ಮಾತು ಎಷ್ಟೋ ಮನೆಗಳಲ್ಲಿ ಏಳಲೇ ಇಲ್ಲ.

ಇಂದು ಹಾಗಲ್ಲ. ಶನಿವಾರ ಬೆಳಗ್ಗೆ ಬಸವಕಲ್ಯಾಣದಿಂದ ಹೊರಟವರು ಭಾನುವಾರ ರಾತ್ರಿ ಮರಳುವಷ್ಟರಲ್ಲಿ ಮೂರು ಬಗೆಯ ಮೂರು ವಿಶ್ವವಿದ್ಯಾಲಯಗಳನ್ನು ನೋಡಿ ಬರಬಹುದು. ಪದವಿಪೂರ್ವ ಎರಡನೆಯ ವರ್ಷದ ಹತ್ತು ಹನ್ನೆರಡು ಮಂದಿ ವಿದ್ಯಾರ್ಥಿಗಳು, ಜೊತೆಗೆ ಒಬ್ಬ ಉಪನ್ಯಾಸಕಿ, ಸಾಧ್ಯವಾದರೆ ಇಬ್ಬರು ಮೂವರು ಪಾಲಕರು ಇದ್ದರೆ ಸಾಕು. ಪಾಲಕರು ಬರುವುದು ಒಳ್ಳೆಯದು. ಹಾಸ್ಟೆಲಿನ ಬಾಗಿಲು, ಬೀಗ, ನೀರು, ಬೀದಿಯ ದೀಪಗಳನ್ನು ತಾಯಿಯ ಕಣ್ಣು ನೋಡುವಂತೆ ಮಗಳ ಕಣ್ಣು ನೋಡಲಾರದು. ಶನಿವಾರವನ್ನು ಆರಿಸುವಾಗ ಒಂದು ಎಚ್ಚರಿಕೆ ಅಗತ್ಯ. ರಾಜ್ಯದ ಸರಕಾರಿ ಕಚೇರಿಗಳಿಗೆ ತಿಂಗಳ ಎರಡನೆಯ ಮತ್ತು ನಾಲ್ಕನೆಯ ಶನಿವಾರ ರಜೆ. ಆದುದರಿಂದ ಮೊದಲನೆಯ ಅಥವಾ ಮೂರನೆಯ ಶನಿವಾರ ಹೊರಡಬೇಕು. ಹೊರಡುವ ಮುನ್ನ ಆಯಾ ವಿಶ್ವವಿದ್ಯಾಲಯಕ್ಕೆ ಪತ್ರ ಬರೆದು ಒಪ್ಪಿಗೆ ಪಡೆಯಬೇಕು. ಬೀಗ ಹಾಕಿದ ವಿಭಾಗಗಳ ಮುಂದೆ ನಿಂತು ಚಿತ್ರ ತೆಗೆಸಿಕೊಂಡು ಬಂದರೆ ಅದು ವಿಹಾರವಾದೀತೇ ಹೊರತು ವಿದ್ಯಾಯಾತ್ರೆಯಾಗದು.

ಬಸವಕಲ್ಯಾಣ ಪಟ್ಟಣಕ್ಕೆ ರೈಲಿಲ್ಲ. ಬಸ್ಸಿನಲ್ಲಿ ಹುಮನಾಬಾದಿಗೆ ಬಂದರೆ ಅಲ್ಲಿ ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿಯೂ ಬೀದರ್–ಕಲಬುರಗಿ ರಸ್ತೆಯೂ ಕೂಡುತ್ತವೆ. 2017ರಲ್ಲಿ ಪೂರ್ಣಗೊಂಡ ಬೀದರ್–ಕಲಬುರಗಿ ರೈಲುಮಾರ್ಗವೂ ಹುಮನಾಬಾದಿನ ಮೇಲೆಯೇ ಹಾಯುತ್ತದೆ. ಈ ಕೂಡುದಾರಿಯಿಂದ ದಕ್ಷಿಣಕ್ಕೆ ಹೊರಟರೆ, ತೊಗರಿಯ ಹೊಲಗಳ ನಡುವೆ ಸಾಗಿ, ಹೊತ್ತು ಏರುವ ಮೊದಲೇ ಕಲಬುರಗಿಯನ್ನು ಸೇರಬಹುದು.

ಗುಲಬರ್ಗಾ ವಿಶ್ವವಿದ್ಯಾಲಯದ ಆವರಣದ ಹೆಸರು ‘ಜ್ಞಾನಗಂಗಾ’. ನಗರದ ಪೂರ್ವಕ್ಕೆ ನೂರಾರು ಎಕರೆಗಳಲ್ಲಿ ಅದು ಹರಡಿದೆ. ಹೊಸದಾಗಿ ಬಂದವರಿಗೆ ಇಲ್ಲಿ ಒಂದು ಗೊಂದಲ ಹುಟ್ಟುವುದು ಸಹಜ. ಬಿ.ಎ., ಬಿ.ಎಸ್ಸಿ. ತರಗತಿಗಳನ್ನು ಅವರು ಹುಡುಕುತ್ತಾರೆ. ಕಾಣುವುದು ಬಹುಮಟ್ಟಿಗೆ ಎಂ.ಎ., ಎಂ.ಎಸ್ಸಿ. ವಿಭಾಗಗಳು ಮತ್ತು ಸಂಶೋಧನೆ ಮಾಡುವವರು. ವಿಶ್ವವಿದ್ಯಾಲಯವೆಂದರೆ ದೊಡ್ಡ ಕಾಲೇಜು ಎಂದು ತಿಳಿದವರ ಕಲ್ಪನೆ ಇಲ್ಲಿ ತಿದ್ದಿಕೊಳ್ಳುತ್ತದೆ. ಮೊದಲ ಪದವಿಯ ಪಾಠ ನಡೆಯುವುದು ಊರೂರಿನ ಸಂಯೋಜಿತ ಕಾಲೇಜುಗಳಲ್ಲಿ. ಪಠ್ಯಕ್ರಮವನ್ನು ಗೊತ್ತುಮಾಡಿ, ಪರೀಕ್ಷೆ ನಡೆಸಿ, ಪದವಿ ನೀಡುವುದು ವಿಶ್ವವಿದ್ಯಾಲಯ. ಬೀದರ್ ಜಿಲ್ಲೆಗೆ 2023ರಲ್ಲಿ ತನ್ನದೇ ಆದ ಬೀದರ್ ವಿಶ್ವವಿದ್ಯಾಲಯ ದೊರೆತಿದೆ. ಈ ಭೇದವನ್ನು ಅರಿತ ವಿದ್ಯಾರ್ಥಿಯು, ಮೂರು ವರ್ಷ ಊರಿನಲ್ಲಿಯೇ ಓದಿ ಆಮೇಲೆ ಹೊರಗೆ ಹೋಗುವುದು ಲೇಸೋ, ಈಗಲೇ ಹೋಗುವುದು ಲೇಸೋ ಎಂದು ಲೆಕ್ಕ ಹಾಕಬಲ್ಲನು. ಬಡವರ ಮನೆಯಲ್ಲಿ ಇದು ಸಣ್ಣ ಲೆಕ್ಕವಲ್ಲ.

ಆವರಣದಲ್ಲಿ ಮೊದಲು ನೋಡಬೇಕಾದುದು ಗ್ರಂಥಾಲಯ. ಕಟ್ಟಡದ ಎತ್ತರವನ್ನಲ್ಲ, ಒಳಗೆ ಕುಳಿತು ಓದುವವರನ್ನು ನೋಡಬೇಕು. ಸಂಜೆ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ, ಪುಸ್ತಕವನ್ನು ಕೋಣೆಗೆ ಕೊಡುವರೋ ಇಲ್ಲವೋ ಎಂದು ಕೇಳಬೇಕು. ಇದೇ ಜಿಲ್ಲೆಯ ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ಚಾಲುಕ್ಯರ ಕಾಲದ ಘಟಿಕಾಸ್ಥಾನವೊಂದಿತ್ತು. ಇನ್ನೂರಕ್ಕೂ ಮಿಕ್ಕಿದ ವಿದ್ಯಾರ್ಥಿಗಳಿಗೆ ಅಲ್ಲಿ ಊಟ ವಸತಿಗಳ ಏರ್ಪಾಡು ಇದ್ದುದನ್ನು 1058ರ ಶಾಸನ ಹೇಳುತ್ತದೆ. ಗ್ರಂಥಗಳನ್ನು ಕಾಯ್ದುಕೊಳ್ಳಲು ಅಲ್ಲಿದ್ದ ಸರಸ್ವತೀ ಭಂಡಾರಿಗರು ಒಬ್ಬಿಬ್ಬರಲ್ಲ, ಆರು ಮಂದಿ! ಇಂದಿನ ಎಷ್ಟು ಕಾಲೇಜುಗಳು ಈ ಲೆಕ್ಕದಲ್ಲಿ ನಾಗಾವಿಯನ್ನು ಸರಿಗಟ್ಟಬಲ್ಲವೋ ನೋಡುವುದು ಕುತೂಹಲಕರ.

ಮಧ್ಯಾಹ್ನದ ನಂತರ ಆಳಂದ ರಸ್ತೆಯಲ್ಲಿರುವ ಕಡಗಂಚಿಗೆ ಹೋಗಬಹುದು. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇರುವುದು ಅಲ್ಲಿ. ಇದನ್ನು ನಡೆಸುವುದು ಕೇಂದ್ರ ಸರಕಾರ; ಪ್ರವೇಶವು ದೇಶಕ್ಕೆಲ್ಲ ಒಂದೇ ಆದ ಪರೀಕ್ಷೆಯ ಮೂಲಕ. ಪದವಿ ತರಗತಿಗಳೂ ಇಲ್ಲಿವೆ. ಕೇರಳ, ಬಿಹಾರ, ಒಡಿಶಾಗಳಂಥ ದೂರದ ರಾಜ್ಯಗಳ ಮಕ್ಕಳು ಬಂದು ಓದುವ ಆವರಣಕ್ಕೆ ನೆರೆಯ ಜಿಲ್ಲೆಯ ಮಕ್ಕಳು ಅಂಜುತ್ತ ಕಾಲಿಡುವುದುಂಟು. ಅಂಜಿಕೆಗೆ ಕಾರಣ ಭಾಷೆ. ಪಾಠವೆಲ್ಲ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಲ್ಲಿ ಓದಿದವಳು ಇಲ್ಲಿ ಮೊದಲ ತಿಂಗಳುಗಳಲ್ಲಿ ಕಷ್ಟಪಡುವಳು ಎಂಬುದನ್ನು ಮರೆಮಾಚಿ ಪ್ರಯೋಜನವಿಲ್ಲ. ಆದರೆ ಉರ್ದುವಿನಲ್ಲಿ ರಸಾಯನಶಾಸ್ತ್ರ ಓದಿ ತೇರ್ಗಡೆಯಾದ ಕನ್ನಡಿಗರು ಇದೇ ನೆಲದಲ್ಲಿ ಇದ್ದರಲ್ಲವೇ? ಪರೀಕ್ಷೆಗೆ ಇನ್ನೂ ತಿಂಗಳುಗಳಿರುವಾಗಲೇ ಈ ಕಷ್ಟ ಕಣ್ಣಿಗೆ ಬಿದ್ದರೆ ಅಷ್ಟರ ಮಟ್ಟಿಗೆ ಸಿದ್ಧತೆಗೆ ಅವಕಾಶ ಸಿಕ್ಕಂತೆ. ಪ್ರವೇಶ ಪಡೆದ ಮೇಲೆ ತಿಳಿದರೆ, ಒಂದು ವರ್ಷವೂ ಅಪ್ಪನ ಹಣವೂ ಕಳೆಯುವ ಭಯವಿದೆ.

ನಿಜವಾದ ಸಂಗತಿಗಳು ತಿಳಿಯುವುದು ಮಾಹಿತಿಪುಸ್ತಕದಿಂದಲ್ಲ, ಹಾಸ್ಟೆಲಿನ ಮೆಟ್ಟಿಲ ಮೇಲೆ ಕುಳಿತವರಿಂದ. “ಅಕ್ಕಾ, ಇಲ್ಲಿ ಊಟ ಹ್ಯಾಂಗ ಅದ? ಬ್ಯಾಸಗ್ಯಾಗ ನೀರು ಬರ್ತಾವೇನು? ರೊಟ್ಟಿ ಕೊಡ್ತಾರೇನು?” ಎಂದು ಬೀದರಿನ ಹುಡುಗಿ ತನ್ನ ಮಾತಿನಲ್ಲಿಯೇ ಕೇಳಿದರೆ, ಮೇಲಿನ ತರಗತಿಯವಳು ಅಚ್ಚಾದ ಪುಟಗಳಲ್ಲಿ ಇಲ್ಲದ್ದನ್ನೆಲ್ಲ ಹೇಳುತ್ತಾಳೆ. ಯಾವ ಅಧ್ಯಾಪಕರು ಪಾಠ ತಪ್ಪಿಸುವುದಿಲ್ಲ, ವಿದ್ಯಾರ್ಥಿವೇತನ ಕೈಸೇರಲು ಎಷ್ಟು ತಿಂಗಳಾಗುತ್ತದೆ, ಸಂಜೆಯ ಕೊನೆಯ ಬಸ್ಸು ಎಷ್ಟು ಗಂಟೆಗೆ, ಕಳೆದ ವರ್ಷ ಓದು ಮುಗಿಸಿದವರು ಈಗ ಏನು ಮಾಡುತ್ತಿದ್ದಾರೆ ಎಂಬ ನಾಲ್ಕು ಪ್ರಶ್ನೆಗಳನ್ನು ಬರೆದುಕೊಂಡು ಹೋಗಬೇಕು. ಓದನ್ನು ನಡುವೆಯೇ ಬಿಟ್ಟು ಊರಿಗೆ ಮರಳುವವರಲ್ಲಿ ಎಷ್ಟೋ ಮಂದಿ ಪಾಠ ಕಠಿಣವಾಯಿತೆಂದು ಬರುವವರಲ್ಲ. ಊಟ, ಹಣ, ಒಂಟಿತನಗಳಿಗೆ ಸೋತು ಬರುವವರು.

ರಾತ್ರಿ ಕಲಬುರಗಿಯಲ್ಲಿ ತಂಗಿ, ಭಾನುವಾರ ರೈಲಿನಲ್ಲಿ ಬೀದರಿಗೆ ಹೋಗುವುದು ಅನುಕೂಲ. ಕರಿಮಣ್ಣಿನ ಬಯಲು ಹಿಂದೆ ಸರಿದು ಬೀದರಿನ ಕೆಂಪು ನೆಲ ಎದುರಾಗುತ್ತದೆ. ನಗರದ ಅಂಚಿನ ನಂದಿನಗರದಲ್ಲಿ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ಇದನ್ನು ಸ್ಥಾಪಿಸುವ ಕಾಯಿದೆ ಆದುದು 2004ರಲ್ಲಿ. ಸಮುದ್ರದಿಂದ ಇಷ್ಟು ದೂರದ ಬೀದರ್ ಕೇಂದ್ರವಾಗಿರುವ ವಿಶ್ವವಿದ್ಯಾಲಯವೊಂದು ಮಂಗಳೂರಿನ ಮೀನುಗಾರಿಕೆ ಕಾಲೇಜನ್ನೂ ನಡೆಸುವುದನ್ನು ಕೇಳಿ ವಿದ್ಯಾರ್ಥಿಗಳು ನಗುವುದುಂಟು. ಪಶುವೈದ್ಯ ಪದವಿಗೆ ಒಂದು ವರ್ಷದ ತರಬೇತಿಯೂ ಸೇರಿ ಐದೂವರೆ ವರ್ಷ ಬೇಕು, ಸ್ಪರ್ಧೆ ತೀವ್ರ. ರೈತರ ಮಕ್ಕಳಿಗೆಂದು ಕೆಲವು ಸ್ಥಾನಗಳನ್ನು ಪ್ರತ್ಯೇಕವಾಗಿ ಇರಿಸುವ ಪದ್ಧತಿಯಿದೆ. ಮನೆಯ ಮುಂದೆ ದೇವಣಿ ಎತ್ತುಗಳನ್ನು ಕಟ್ಟಿಕೊಂಡು ಬೆಳೆದ ಹುಮನಾಬಾದಿನ ಹುಡುಗನಿಗೆ ತನ್ನ ತಿಳಿವಳಿಕೆಯೂ ಒಂದು ವಿದ್ಯೆಯೆಂಬುದು ಇಲ್ಲಿ ಮೊದಲ ಬಾರಿಗೆ ಹೊಳೆದರೆ ಆಶ್ಚರ್ಯವಿಲ್ಲ.

ಬೀದರಿನ ಹಳೆಯ ಊರಿನಲ್ಲಿ ಮಹಮೂದ್ ಗವಾನನ ಮದರಸಾ ಇದೆ. ಬಹಮನಿ ರಾಜ್ಯದ ಈ ಮಂತ್ರಿ 1472ರಲ್ಲಿ ಕಟ್ಟಿಸಿದ ಮೂರು ಅಂತಸ್ತಿನ ವಿದ್ಯಾಲಯದಲ್ಲಿ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ವಾಸದ ಕೋಣೆಗಳಿದ್ದವು. ಮೂರು ಸಾವಿರ ಹಸ್ತಪ್ರತಿಗಳಿದ್ದವೆಂದು ಹೇಳಿಕೆ. 1696ರಲ್ಲಿ ಸಿಡಿಮದ್ದಿಗೆ ಬೆಂಕಿ ಬಿದ್ದು ಕಟ್ಟಡದ ಒಂದು ಭಾಗವೇ ಹಾರಿಹೋಯಿತು. ಉಳಿದ ಗೋಡೆಯ ನೀಲಿ ಹೆಂಚುಗಳನ್ನು ನೋಡಲು ಅರ್ಧ ಗಂಟೆಯನ್ನು ಮೀಸಲಿಟ್ಟರೆ ನಷ್ಟವೇನೂ ಆಗದು.

ಹುಮನಾಬಾದಿನ ಮೇಲೆ ಊರಿಗೆ ಮರಳುವಾಗ ಬಸ್ಸಿನಲ್ಲಿ ಚರ್ಚೆ ನಡೆಯಲಿ. ಆದರೆ ಗುಂಪಿನ ಯಾತ್ರೆಯ ದೋಷವೊಂದಿದೆ: ಗೆಳತಿ ಆರಿಸಿದ್ದನ್ನೇ ತಾನೂ ಆರಿಸುವ ಚಪಲ. ಪ್ರತಿಯೊಬ್ಬರೂ ತಮ್ಮ ಅಭಿಪ್ರಾಯವನ್ನು ಮೊದಲು ಕಾಗದದ ಮೇಲೆ ಬರೆದು, ಅನಂತರ ಬಾಯಿ ಬಿಡುವಂತೆ ಉಪನ್ಯಾಸಕಿ ಮಾಡಿದರೆ ಚರ್ಚೆ ಸಫಲವಾದೀತು.

ಸೋಮವಾರ ಮಾಡಬೇಕಾದ ಕೆಲಸವೂ ಒಂದಿದೆ. 2012ರ ತೊಂಬತ್ತೆಂಟನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ 371(ಜೆ) ವಿಧಿ ಸೇರಿತು. ಅದರ ಮೇರೆಗೆ ರಾಜ್ಯ ಸರಕಾರವು ಈ ಪ್ರದೇಶದ ಶಿಕ್ಷಣ ಸಂಸ್ಥೆಗಳಲ್ಲಿ ನೂರಕ್ಕೆ 70 ಸ್ಥಾನಗಳನ್ನು ಸ್ಥಳೀಯರಿಗೆ ಮೀಸಲಿಟ್ಟಿತು; ರಾಜ್ಯದ ಉಳಿದ ಕಡೆಗಳಲ್ಲಿ ನೂರಕ್ಕೆ 8. ಕೇಂದ್ರೀಯ ವಿಶ್ವವಿದ್ಯಾಲಯದ ಮಾತು ಬೇರೆ. ಈ ಸ್ಥಾನಕ್ಕೆ ಅರ್ಹರೆಂಬ ಪ್ರಮಾಣಪತ್ರವನ್ನು ನೀಡುವವರು ಸಹಾಯಕ ಆಯುಕ್ತರು. ಅವರ ಕಚೇರಿ ಬಸವಕಲ್ಯಾಣದಲ್ಲಿಯೇ ಇದೆ. ಫಲಿತಾಂಶ ಬಂದ ವಾರದಲ್ಲಿ ಅರ್ಜಿಗಳ ನೂಕುನುಗ್ಗಲು ಸಾಮಾನ್ಯ. ಅದಕ್ಕೆ ಮೊದಲೇ ಅರ್ಜಿ ಕೊಟ್ಟು ಪತ್ರವನ್ನು ಪಡೆದಿಟ್ಟುಕೊಂಡವಳಿಗೆ, ಪರೀಕ್ಷೆ ಮುಗಿದ ಮೇಲೆ ಉಳಿಯುವ ಕೆಲಸ ಊರಿನ ಹೆಸರನ್ನು ಆರಿಸುವುದೊಂದೇ.